ಎಡಕ್ಕೆ ತಿರುಗೋ ಬೀಗ

ಬಹಳ ಬಹಳ ಹಿಂದೆ, ಈಗ ಯಾವ ನಕ್ಷೆಯಲ್ಲಿ ಹುಡುಕಿದ್ರೂ ಸಿಗದ ಒಂದು ರಾಜ್ಯ ಇತ್ತು. ಆ ರಾಜ್ಯದ ಬಣ್ಣಗಳೆಲ್ಲ ಅರಮನೆಯ ಒಂದು ಪೆಟ್ಟಿಗೇಲಿ ಇರ್ತಿದ್ವು. ಒಂದು ದಿನ ಆ ಪೆಟ್ಟಿಗೆ ಕಾಣೆಯಾಯ್ತು. ಆ ಕ್ಷಣಕ್ಕೇ ಅರಿಶಿನ ಬೂದಿ ಬಣ್ಣ ಆಯ್ತು, ಗಿಳಿ ಬೂದಿ ಬಣ್ಣ ಆಯ್ತು, ಹಸೆಮಣೆ ಮೇಲೆ ಕೂತಿದ್ದ ಮದುಮಗಳ ಸೀರೆನೂ ಬೂದಿ ಬಣ್ಣ ಆಯ್ತು.

ಕೋಣೆಯ ಬೀಗ ಒಡೆದಿರ್ಲಿಲ್ಲ. ಆ ಬೀಗ ಮಾಡಿದವಳು ಕೆಂಚವ್ವ. ಅವಳ ಬೀಗಗಳು ಎಲ್ಲರ ಬೀಗದ ಹಾಗೆ ಬಲಕ್ಕಲ್ಲ, ಎಡಕ್ಕೆ ತಿರುಗ್ತಿದ್ವು. ರಾಜ ಅವಳನ್ನ ಒಂದು ಮಾತೂ ಕೇಳ್ಲಿಲ್ಲ.

"ಬೀಗ ಮಾಡಿದವಳಿಗೆ ತೆಗೆಯೋದು ಕಷ್ಟನಾ? ಇವಳೇ ಕಳ್ಳಿ" ಅಂದ. "ಮೂರು ದಿನದಲ್ಲಿ ಪೆಟ್ಟಿಗೆ ಬರದಿದ್ರೆ ಇವಳ ಹತ್ತು ಬೆರಳೂ ಕತ್ತರಿಸಿ."

ಕೆಂಚವ್ವನ ಕೈಗೆ ಕೋಳ ಹಾಕಿದ್ರು. ಕೋಳಕ್ಕೆ ಹಾಕಿದ ಬೀಗನೂ ಅವಳು ಮಾಡಿದ್ದೇ.

ಅವಳಿಗೆ ಸಂಪಿ ಅಂತ ಹದಿನಾರು ವರ್ಷದ ಮಗಳು. ಸಂಪಿ ಸೆರೆಮನೆಗೆ ಓಡಿ ಬಂದಳು. "ಅವ್ವ, ಒಂದು ತಂತಿ ಇದ್ರೆ ಸಾಕು, ಈಗಲೇ ತೆಗೀತೀನಿ."

"ಬೇಡ" ಅಂದಳು ಕೆಂಚವ್ವ. "ನಾವು ತೆಗೆದ್ರೆ ನಾವು ಕಳ್ಳರೇ ಅಂತ ಆಗುತ್ತೆ. ಹಾಕಿಸಿದವನೇ ತೆಗೀಲಿ."

ಸಂಪಿಗೆ ಬಂದ ಸಿಟ್ಟು ಎಷ್ಟಿತ್ತು ಅಂದ್ರೆ, ಅವಳಿಗೆ ಅಳೋಕೂ ಆಗ್ಲಿಲ್ಲ. ಸೀದಾ ಪೆಟ್ಟಿಗೆ ಕೋಣೆಗೆ ಹೋಗಿ ಬೀಗದ ತೂತಿಗೆ ಬೆರಳು ಹಾಕಿದಳು. ಬೆರಳಿಗೆ ಮಸಿ ಅಂಟಿತು. ಆ ಬೆರಳನ್ನ ರಾಜನ ಮುಂದೆ ಹಿಡಿದಳು.

"ಕಳ್ಳ ಹೊಗೆಯಾಗಿ ಬಂದಿದ್ದಾನೆ, ಪ್ರಭು. ಹೊಗೆಯಾಗೋದು ಮಸಿಗುಡ್ಡದ ಮಾಂತ್ರಿಕ ಧೂಮಾಕ್ಷನಿಗೆ ಮಾತ್ರ ಗೊತ್ತು. ನಾನು ಹೋಗಿ ಪೆಟ್ಟಿಗೆ ತರ್ತೀನಿ."

"ಕಳ್ಳಿ ಮಗಳೂ ಕಳ್ಳಿ. ಓಡಿಹೋಗೋಕೆ ದಾರಿ ಹುಡುಕ್ತಿದ್ದಾಳೆ" ಅಂದ ರಾಜ. ಆದ್ರೂ ಪೆಟ್ಟಿಗೆ ಬೇಕಲ್ಲ, ಅವಳ ಕಾವಲಿಗೆ ಬೊಮ್ಮಣ್ಣ ಅನ್ನೋ ದಂಡನಾಯಕನ್ನ ಕಳಿಸಿದ.

ಬೊಮ್ಮಣ್ಣ ಆನೆಯಂಥ ಆಳು. ಕತ್ತಿ, ಗುರಾಣಿ, ಕಬ್ಬಿಣದ ಅಂಗಿ, ಎಲ್ಲ ಹೊತ್ಕೊಂಡು ಬಂದ. ಸಂಪಿ ಕೈಯಲ್ಲಿ ಒಂದು ಬಟ್ಟೆಗಂಟು. ಅದರಲ್ಲಿ ಒಂದು ಹಿಡಿ ರಾಗಿ ಹಿಟ್ಟು, ಒಂದು ಕುಡಿಕೆ ಎಣ್ಣೆ, ಮೂರು ತಂತಿ, ಒಂದು ಗೇಣುದ್ದದ ಚೂರಿ. ಕಾಲಿಗೆ ಚಪ್ಪಲಿನೂ ಇರ್ಲಿಲ್ಲ.

"ಏ ಕಳ್ಳಿ, ಯುದ್ಧಕ್ಕೆ ಹೊರಟಿದ್ದೀಯೋ ರೊಟ್ಟಿ ತಟ್ಟೋಕೋ?"

"ನನ್ನ ಹೆಸರು ಸಂಪಿ."

"ಆಯ್ತು ಬಾ, ಕಳ್ಳಿ."

ಮೊದಲನೇ ದಿನ ಒಂದು ಬಿದಿರು ಮೆಳೆ ಅಡ್ಡ ಬಂತು. ಸಂಪಿ ನಿಂತಳು. ಆ ಮೆಳೇಲಿ ಒಂದು ಹಕ್ಕಿನೂ ಕೂತಿರ್ಲಿಲ್ಲ.

"ಅಣ್ಣ, ನೋಡದೆ ಕಾಲಿಡಬೇಡ."

"ನನಗೆ ಹೇಳಿಕೊಡ್ತೀಯಾ?" ಅಂತ ಬೊಮ್ಮಣ್ಣ ನುಗ್ಗಿದ. ಎರಡೇ ಹೆಜ್ಜೆ. ಎಲ್ಲಿಂದಲೋ ಬಂದ ಬಾಣ ಅವನ ಪೇಟ ಕಿತ್ಕೊಂಡು ಹೋಗಿ ಮರಕ್ಕೆ ನಾಟಿತು.

ಸಂಪಿ ರಾಗಿ ಹಿಟ್ಟನ್ನ ಅಂಗೈಯಲ್ಲಿಟ್ಟು ಊದಿದಳು. ಕಣ್ಣಿಗೆ ಕಾಣದಿದ್ದ ನೂರು ದಾರಗಳ ಮೇಲೆ ಹಿಟ್ಟು ಕೂತು, ಅವೆಲ್ಲ ಕಾಣಿಸಿದ್ವು. ಒಂದೊಂದು ದಾರದ ಕೊನೇಲೂ ಒಂದೊಂದು ಬಿಲ್ಲು. ಇಬ್ಬರೂ ದಾರ ದಾಟಿ ದಾಟಿ ಆಚೆ ಹೋದ್ರು.

ಬೊಮ್ಮಣ್ಣ ಪೇಟ ಸುತ್ಕೊಳ್ತಾ, "ಕಳ್ಳಬುದ್ಧಿ ಒಮ್ಮೊಮ್ಮೆ ಕೆಲಸಕ್ಕೆ ಬರುತ್ತೆ" ಅಂದ. ಸಂಪಿ ಹಲ್ಲು ಕಚ್ಕೊಂಡಳು.

ಎರಡನೇ ದಿನ ಕಬ್ಬಿಣದ ಬಾಗಿಲು ಅಡ್ಡ ಬಂತು. ಅದರ ಬೀಗಕ್ಕೆ ಬಾಯಿ ಇತ್ತು, ಬಾಯಿ ತುಂಬ ಹಲ್ಲಿತ್ತು. ಬೊಮ್ಮಣ್ಣ ಕತ್ತಿ ಎತ್ತಿ ಹೊಡೆದ. ಬೀಗ ಕತ್ತಿಯ ತುದಿ ಕಡಿದು ಕಡಲೆ ಥರ ಅಗಿದು ಉಗೀತು.

ಸಂಪಿ ಹತ್ತಿರ ಹೋಗಿ ಕಿವಿಗೊಟ್ಟಳು. ಬೀಗದ ಒಳಗೆ ಕಿರ್ರ್ ಅಂತ ನರಳಾಟ ಕೇಳಿಸ್ತು. ಅವಳು ಕುಡಿಕೆಯಿಂದ ಎಣ್ಣೆ ಬಿಟ್ಟಳು. ತಂತಿ ಹಾಕಿ ತುಕ್ಕನ್ನೆಲ್ಲ ಮೆಲ್ಲಗೆ ಕೆರೆದಳು.

"ಅಮ್ಮಾ" ಅಂತು ಬೀಗ. "ನೂರು ವರ್ಷ ಆಯ್ತು ಕಣೇ. ಬಂದವರೆಲ್ಲ ಹೊಡೆದವರೇ. ಎಲ್ಲಿ ನೋವು ಅಂತ ಒಬ್ಬನೂ ಕೇಳ್ಲಿಲ್ಲ." ಹಾಗಂದು ತಾನೇ ತೆರ್ಕೊಂತು.

"ಭಲೇ ಕಳ್ಳಿ" ಅಂದ ಬೊಮ್ಮಣ್ಣ.

ಸಂಪಿ ತಟ್ಟನೆ ತಿರುಗಿದಳು. "ಎರಡು ದಿನದಿಂದ ನೋಡ್ತಿದ್ದೀಯ. ನಾನು ಏನು ಕದ್ದೆ? ಹೇಳು. ನಿನ್ನ ಜೀವ ಉಳಿಸಿದೆ, ಅದಾ? ನಮ್ಮವ್ವ ಏನು ಕದ್ದಳು? ನಿಮ್ಮ ಮನೆ ಬಾಗಿಲಿಗೂ ಅವಳದೇ ಬೀಗ ಇದೆ. ಒಂದು ದಿನ ನಿಮ್ಮ ಮನೆಯ ಒಂದು ಚಮಚ ಹೋಗಿದೆಯಾ? ನಾಳೆ ಅವಳ ಬೆರಳು ಹೋಗುತ್ತೆ, ನಿನಗೆ ತಮಾಷೆ."

ಬೊಮ್ಮಣ್ಣ ಪೇಟ ತೆಗೆದು ಕೈಯಲ್ಲಿ ಹಿಡಿದ. ಆಮೇಲೆ, "ತಪ್ಪಾಯ್ತು ತಾಯಿ. ಇನ್ನು ಆ ಮಾತು ಈ ಬಾಯಲ್ಲಿ ಬಂದ್ರೆ ನಾನು ದಂಡನಾಯಕನೇ ಅಲ್ಲ" ಅಂದ.

ಮೂರನೇ ದಿನ ಧೂಮಾಕ್ಷನ ಕೋಟೆ ಮುಟ್ಟಿದ್ರು. ಸುತ್ತ ಮುಳ್ಳುಗಿಡದ ಬೇಲಿ, ಅರ್ಧ ನೆಟ್ಟಿದ್ರು. ಇನ್ನರ್ಧಕ್ಕೆ ಗುಂಡಿ ತೋಡಿ ಬಿಟ್ಟಿದ್ರು. ಬಾಗಿಲಲ್ಲಿ ಗುಡಿಸಲಿನಷ್ಟು ದೊಡ್ಡ ನಾಯಿ ಕೂತಿತ್ತು. ಅದಕ್ಕೆ ಕಣ್ಣಿರ್ಲಿಲ್ಲ, ಕಿವಿ ಮಾತ್ರ ಮೂರಿದ್ವು.

"ಯಾರದು?" ಅಂತು ನಾಯಿ. "ಒಡೆಯ ಹೇಳಿರೋದು ಒಂದೇ ಮಾತು. ಕಳ್ಳಿ ಬಂದ್ರೆ ಒಳಗೆ ಬಿಡು, ಬೇರೆ ಏನು ಬಂದ್ರೂ ತಿನ್ನು ಅಂತ."

ಸಂಪಿ ಬೇಲಿ ನೋಡಿದಳು. ಕಳ್ಳಿ ಗಿಡ. ಗುಂಡಿಗಳನ್ನ ನೋಡಿದಳು. ಎಲ್ಲ ಅರ್ಥ ಆಯ್ತು. ಆ ಮಾತು ತನ್ನ ಬಾಯಲ್ಲೇ ಬರ್ಬೇಕಾಯ್ತಲ್ಲ ಅನ್ನಿಸ್ತು, ಆದ್ರೂ ಹೇಳಿದಳು: "ನಾನೇ ಕಳ್ಳಿ."

ನಾಯಿ ಮೂರೂ ಕಿವಿ ನಿಮಿರಿಸ್ತು. "ಇಷ್ಟು ದಿನ ಬಂದ ಯಾವ ಕಳ್ಳಿನೂ ತಾನೇ ಮಾತಾಡಿಲ್ಲ. ತಂದವರೇ ಹೇಳ್ತಿದ್ರು. ನಿನ್ನನ್ನ ತಂದವರು ಯಾರು?"

"ನಾನು" ಅಂದ ಬೊಮ್ಮಣ್ಣ.

"ಇವಳು ಏನು?"

"ಇವಳು ಸಂಪಿ. ಕೆಂಚವ್ವನ ಮಗಳು."

ನಾಯಿ ಬಾಯಿ ತೆರೀತು.

"ಅಣ್ಣ" ಅಂದಳು ಸಂಪಿ, ಹಲ್ಲಿನ ಸಂದಿಯಿಂದ. "ಎರಡು ದಿನ ಬಾಯಿ ತುಂಬ ಕರೆದ್ಯಲ್ಲ. ಈಗ ಕರಿ."

"ನಾನು ಮಾತು ಕೊಟ್ಟಿದ್ದೀನಮ್ಮ."

"ವಾಪಸ್ ತಗೋ. ಹೇಳು."

ಬೊಮ್ಮಣ್ಣ ನೆಲ ನೋಡ್ಕೊಂಡು, ಯಾರಿಗೂ ಕೇಳಿಸದ ಹಾಗೆ, "ಕಳ್ಳಿ" ಅಂದ. ನಾಯಿಗೆ ಕೇಳಿಸ್ತು.

"ಮುಳ್ಳಿದೆಯಾ?"

"ಒಳಗಿದೆ" ಅಂದಳು ಸಂಪಿ. ನಾಯಿ ಪಕ್ಕಕ್ಕೆ ಸರೀತು.

ಒಳಗೆ ಹೋಗೋ ಮುಂಚೆ ಅವಳು ಬೊಮ್ಮಣ್ಣನಿಗೆ, "ನೀನು ಇಲ್ಲೇ ನಿಂತು ನಿನಗೆ ಬರೋ ಬೈಗುಳ ಎಲ್ಲ ಬೈ. ಅವನು ನಿನ್ನ ಕಡೆನೇ ನೋಡ್ತಿರ್ಬೇಕು" ಅಂದಳು.

"ಇದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತೆ" ಅಂತ ಬೊಮ್ಮಣ್ಣ ಗುರಾಣಿ ಬಡೀತಾ ಶುರುಮಾಡಿದ. "ಲೇ ಧೂಮಾಕ್ಷ, ಹಸಿ ಸೌದೆ ಹೊಗೆ, ಬಾರೋ ಆಚೆ. ನಿನ್ನ ಮುಖ ನೋಡಿದ್ರೆ ಒಲೆನೂ ಆರಿಹೋಗುತ್ತೆ."

ಧೂಮಾಕ್ಷ ಕಿಟಕಿಗೆ ಬಂದು ಬೆಂಕಿ ಉಂಡೆ ಎಸೆದ. ಬೊಮ್ಮಣ್ಣ ಗುರಾಣಿ ಅಡ್ಡ ಹಿಡಿದು ಇನ್ನೂ ಜೋರಾಗಿ ಬೈದ. ಸಂಪಿ ಬರಿಗಾಲಲ್ಲಿ ಮೆಟ್ಟಿಲ ಅಂಚು ಹಿಡಿದು ಹತ್ತಿದಳು. ಮೆಟ್ಟಿಲ ನಡುವೆ ಕಾಲಿಟ್ಟರೆ ಸದ್ದಾಗುತ್ತೆ, ಅಂಚಲ್ಲಿ ಆಗಲ್ಲ. ಹಿಂದಿನಿಂದ ಹೋಗಿ, ಅವನ ಕುತ್ತಿಗೆಯ ತಾಯಿತದ ದಾರವನ್ನ ಚೂರಿಯಿಂದ ಕೊಯ್ದಳು. ಬೆಂಕಿ ಎಸೆಯೋವಾಗೆಲ್ಲ ಅವನು ಅದನ್ನೇ ಮುಟ್ಕೊಳ್ತಿದ್ದ, ಅವನ ಮಂತ್ರ ಎಲ್ಲ ಆ ತಾಯಿತದಲ್ಲೇ ಇತ್ತು.

ಅವನು ತಿರುಗಿ ಹೊಗೆಯಾಗೋಕೆ ನೋಡಿದ, ಆಗ್ಲಿಲ್ಲ. ಬರೀ ಕೆಮ್ಮು ಬಂತು. "ನೀನು ಹೇಗೆ ಒಳಗೆ ಬಂದೆ?"

"ಕಳ್ಳಿ ಬಂದ್ರೆ ಬಿಡು ಅಂದಿದ್ಯಂತಲ್ಲ."

ಧೂಮಾಕ್ಷ ಹೆದರಿ ಕೋಟೆಯಿಂದ ಆಚೆ ಓಡಿದ. ಆಚೆ ಬೊಮ್ಮಣ್ಣ ಇದ್ದ. ಮತ್ತೆ ಒಳಗೆ ಓಡಿಬಂದ. ಬಾಗಿಲಲ್ಲಿ ನಾಯಿ, "ಯಾರದು?" ಅಂತು.

"ನಾನು ಕಣೋ, ನಿನ್ನ ಒಡೆಯ."

"ಕಳ್ಳಿ ಅಲ್ವಲ್ಲ" ಅಂತು ನಾಯಿ, ಬಾಯಿ ತೆರೀತಾ. ಅವನು ಅಲ್ಲಿಂದ ಓಡಿದವನು ಇವತ್ತಿಗೂ ಓಡ್ತಾನೇ ಇದ್ದಾನೆ.

ಸಂಪಿ ಕೋಟೆಯೊಳಗಿಂದ ಪೆಟ್ಟಿಗೆ ತಂದಳು. ಒಡೆಯನಿಲ್ಲದ ನಾಯಿ ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಓಡಿ, ಸಂಜೆಯೊಳಗೆ ಅರಮನೆ ಮುಟ್ಟಿಸ್ತು. ಅವಳು ಪೆಟ್ಟಿಗೆಯನ್ನ ರಾಜನ ಮುಂದೆ ತೆರೆದಳು. ಅರಿಶಿನ ಹಳದಿ ಆಯ್ತು. ಗಿಳಿ ಹಸಿರಾಯ್ತು. ರಾಜನ ಮುಖ ಕೆಂಪಾಯ್ತು.

"ಏನು ಬೇಕು ಕೇಳಮ್ಮ. ಚಿನ್ನನಾ? ಜಮೀನಾ?"

"ಕೋಳ ತೆಗೀರಿ" ಅಂದಳು ಸಂಪಿ. "ಸೇವಕರಲ್ಲ. ನೀವು. ಅವತ್ತು ಇದ್ದ ಜನರ ಮುಂದೆ."

ಕೆಂಚವ್ವನನ್ನ ಸೆರೆಮನೆಯಿಂದ ಸಭೆಗೆ ಕರ್ಕೊಂಡು ಬಂದ್ರು. ರಾಜ ಸಿಂಹಾಸನ ಇಳಿದು ಬಂದು ಕೆಂಚವ್ವನ ಮುಂದೆ ಮಂಡಿಯೂರಿದ. ಹುಟ್ಟಿದಾಗಿಂದ ಅವನು ಒಂದು ಬೀಗನೂ ತೆಗೆದವನಲ್ಲ. ಕೀಲಿಕೈ ಹಾಕಿ ಬಲಕ್ಕೆ ತಿರುಗಿಸಿದ, ಬರಲಿಲ್ಲ. ಮತ್ತೆ ತಿರುಗಿಸಿದ, ಬರಲಿಲ್ಲ. ಬೆವರು ಬಂತು. ಕೊನೆಗೆ ತಲೆ ಎತ್ತಿ ಕೇಳಿದ:

"ತಪ್ಪು ಮಾಡಿದೆ, ತಾಯಿ. ಯಾವ ಕಡೆ ತಿರುಗಿಸ್ಬೇಕು?"

ಕೆಂಚವ್ವ ಅವನ ಬೆವರಿದ ಮುಖ ನೋಡಿದಳು. ಅವಳಿಗೂ ಸಿಟ್ಟಿತ್ತು.

"ಎಡಕ್ಕೆ" ಅಂದಳು. "ಮೊದಲೇ ಕೇಳಿದ್ರೆ ಮೊದಲೇ ಹೇಳ್ತಿದ್ದೆ."

ಬೀಗ ಬಿಡ್ತು. ಆಮೇಲೆ ಆ ರಾಜ್ಯದಲ್ಲಿ ಕೇಳದೆ ಯಾರಿಗೂ ಕೋಳ ಹಾಕ್ಲಿಲ್ಲ. ತಾಯಿ ಮಗಳು ಬೀಗ ಮಾಡ್ಕೊಂಡು, ನಾಯಿ ಅವರ ಬಾಗಿಲು ಕಾಯ್ಕೊಂಡು, ಬೊಮ್ಮಣ್ಣ ಬಂದಾಗೆಲ್ಲ "ಸಂಪಮ್ಮ" ಅಂತ ಕರೀತಾ ಸುಖವಾಗಿದ್ರು. ಮಸಿಗುಡ್ಡದ ಕಳ್ಳಿ ಬೇಲಿ ಆ ವರ್ಷ ಹೂ ಬಿಡ್ತು. ಕೆಂಪು ಹೂ.