ನಮ್ಮ ಕಡೆಯ ಮನುಷ್ಯ

ಗವಿಸಿದ್ದೇಶನ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡದ್ದು ಪ್ರವೀಣಕುಮಾರನ ಗೃಹಪ್ರವೇಶದ ದಿನ, ಹೋಳಿಗೆ ತಿನ್ನುತ್ತಿರುವಾಗ. ಆ ಪ್ರವೀಣಕುಮಾರನಿಗೆ ಅವನು ಹನ್ನೊಂದು ಮನೆ ತೋರಿಸಿದ್ದ. ಕೊಟ್ಟೂರಿನ ಬಿಸಿಲಲ್ಲಿ, ತನ್ನದೇ ಬೈಕಿನಲ್ಲಿ, ತನ್ನದೇ ಪೆಟ್ರೋಲು ಸುಟ್ಟು. ಹನ್ನೆರಡನೆಯದು ಮನಸ್ಸಿಗೆ ಬಂದ ಮೇಲೆ ಆ ಪುಣ್ಯಾತ್ಮ ನೇರವಾಗಿ ಮಾಲೀಕನ ಮನೆಗೆ ಹೋಗಿ, ನಮ್ಮ ನಡುವೆ ದಲ್ಲಾಳಿ ಯಾಕೆ ಎಂದು ಮಾತು ಮುಗಿಸಿ ಬಂದಿದ್ದ. ಸಾಲದ್ದಕ್ಕೆ ಗೃಹಪ್ರವೇಶಕ್ಕೂ ಎದುರು ನಿಂತು ಕರೆದ. ಹೋಗದಿದ್ದರೆ ತಾನೇ ಸಣ್ಣವನಾಗುತ್ತೇನೆಂದು ಗವಿಸಿದ್ದೇಶ ಹೋದ. ಬರಿಗೈಲಿ ಹೋಗಬಾರದೆಂದು, ತನ್ನ ಹೆಸರು ಊರು ಕೊರೆಸಿದ ಸ್ಟೀಲಿನ ಡಬರಿಯೊಂದನ್ನು ಒಯ್ದ. ಪ್ರವೀಣಕುಮಾರನ ಹೆಂಡತಿ ಡಬರಿ ತಿರುಗಿಸಿ ಹೆಸರು ಓದಿ, ಒಳಗಿದ್ದ ಗಂಡನಿಗೆ ಕೂಗಿ ಕೇಳಿದಳು: "ಗವಿಸಿದ್ದೇಶ ಅಂದ್ರ ಯಾರ್ರೀ?"

ಇಪ್ಪತ್ತೆರಡು ವರ್ಷದಲ್ಲಿ ಐವತ್ತಕ್ಕೂ ಹೆಚ್ಚು ಸಂಸಾರಗಳಿಗೆ ಸೂರು ಹುಡುಕಿಕೊಟ್ಟವನು ಅವನು. ಅವನದೋ, ಎಂಟನೆಯ ಬಾಡಿಗೆ ಮನೆ. ಅದನ್ನೂ ಯುಗಾದಿಯೊಳಗೆ ಬಿಡಬೇಕೆಂದು ಮಾಲೀಕ ಹೇಳಿಯಾಗಿತ್ತು. ಹೆಂಡತಿ ಅಮೃತಾ ಎರಡು ಟ್ರಂಕುಗಳ ಗಂಟು ಬಿಚ್ಚುವುದನ್ನೇ ನಿಲ್ಲಿಸಿ ಆರು ವರ್ಷವಾಗಿತ್ತು. "ಬಿಚ್ಚಿ ಏನ್ ಮಾಡ್ಲಿ, ಮತ್ತ ಕಟ್ಟಾದು ಇದ್ದ ಐತಲ್ಲ" ಎನ್ನುತ್ತಿದ್ದಳು. ಜಗಳವಾಡುವ ದನಿಯಲ್ಲೂ ಅಲ್ಲ. ಜಗಳವಾಡಿದ್ದರೆ ಅವನು ತಿರುಗಿ ಬೈದು ನಿದ್ದೆ ಮಾಡುತ್ತಿದ್ದ. ಹೀಗೆ ತಣ್ಣಗೆ ಹೇಳಿದ್ದರಿಂದ ನಿದ್ದೆಯೂ ಹೋಯಿತು.

ಗೀತಾಂಜಲಿ ಅವನ ಬಳಿ ಬಂದದ್ದು ಆ ಹೊತ್ತಿನಲ್ಲಿ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ವರ್ಗವಾಗಿ ಬಂದ ನರ್ಸು. ಗಂಡ ಕ್ರಾಂತಿಕುಮಾರ್ ಟ್ರ್ಯಾಕ್ಟರ್ ರಿಪೇರಿ ಮಾಡುವವನು, ಮಾತು ಕಡಿಮೆ. ಹತ್ತು ವರ್ಷ ಕೂಡಿಟ್ಟು ಮೊದಲ ಮನೆ ಕೊಳ್ಳಲು ಹೊರಟಿದ್ದರು. 

"ಅಣ್ಣಾ, ಎಲ್ಲಾ ದಲ್ಲಾಳಿಗಳು ಎರಡೂ ಕಡಿ ಕಮಿಷನ್ ತಗೋತಾರಂತ. ನೀವು ಹಂಗ ಮಾಡಬ್ಯಾಡ್ರಿ. ನಮ್ಮ ಕಡಿ ಮನುಷ್ಯ ಆಗಿ ಹುಡುಕಿಕೊಡ್ರಿ. ನಿಮಗ ಬರಬೇಕಾದ್ದು ಪೂರಾ ನಾವ ಕೊಡ್ತೀವಿ" ಎಂದಳು ಗೀತಾಂಜಲಿ.

ನಮ್ಮ ಕಡೆಯ ಮನುಷ್ಯ! ಇಷ್ಟು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಎರಡು ದಿನ ಆ ಮಾತು ಅವನಿಗೆ ಹಿತವಾಗಿತ್ತು. ಮೂರನೆಯ ದಿನ ಪ್ರವೀಣಕುಮಾರ್ ಸಂತೆಯಲ್ಲಿ ಎದುರಾಗಿ, ಗುರುತೇ ಇಲ್ಲದವನಂತೆ ಬದನೆಕಾಯಿ ಆರಿಸುತ್ತ ನಿಂತ. ಆ ಸಂಜೆಯೇ ಗವಿಸಿದ್ದೇಶನ ತಲೆಯಲ್ಲಿ ಉಜ್ಜಿನಿ ರಸ್ತೆಯ ನೀಲಿ ಬಾಗಿಲಿನ ಮನೆ ಬಂದು ಕುಳಿತಿತು.

ಆ ಮನೆ ಗುರುಬಸಮ್ಮ ಎಂಬ ಹೆಣ್ಣುಮಗಳದು. ಗಂಡ ಮರುಳಪ್ಪ ತೀರಿಕೊಂಡ ಮೇಲೆ ಆಕೆ ಹುಬ್ಬಳ್ಳಿಯ ಮಗಳ ಮನೆ ಸೇರಿ ಇಪ್ಪತ್ತು ವರ್ಷವಾಗಿತ್ತು. ಹಿಂದಿನ ಬಾಡಿಗೆದಾರರು ಬಿಡುವಾಗ ಕೀಲಿಯನ್ನು ಗವಿಸಿದ್ದೇಶನ ಕೈಗೆ ಕೊಟ್ಟು ಹೋಗಿದ್ದರು. ಹೊಸಬರನ್ನು ಹುಡುಕಲು ಆಕೆ ಫೋನಿನಲ್ಲೇ ಹೇಳಿದ್ದಳು. ಅವನು ಆಕೆಯ ಮುಖ ಕಂಡವನಲ್ಲ. ಎದುರಿಗೆ ಹತ್ತಿಯ ಗೋದಾಮು, ಪಕ್ಕಕ್ಕೆ ಖಾಲಿ ಸೈಟು. ಓಣಿಯಲ್ಲಿ ಯಾರನ್ನು ಕೇಳಿದರೂ ಬಾಡಿಗೆದಾರರ ಹೆಸರು ಹೇಳುತ್ತಿದ್ದರೇ ಹೊರತು ಮಾಲೀಕಳ ಮುಖ ಯಾರಿಗೂ ನೆನಪಿರಲಿಲ್ಲ. ಬಾಡಿಗೆ ಕರಾರಿಗೆಂದು ತರಿಸಿದ್ದ ಕ್ರಯಪತ್ರದ ನಕಲು ಅವನ ಕಪಾಟಿನಲ್ಲೇ ಇತ್ತು. ಅದರಲ್ಲಿ ಗುರುಬಸಮ್ಮನದು ಸಹಿಯಲ್ಲ, ಹೆಬ್ಬೆಟ್ಟು. ಹೆಬ್ಬೆಟ್ಟಿನ ಮೇಲೆ ಊರು ಬರೆದಿರುವುದಿಲ್ಲ ಎಂದು ಅವನು ತನ್ನಷ್ಟಕ್ಕೆ ನಕ್ಕ.

ಇನ್ನು ಬೇಕಾದದ್ದು ಒಬ್ಬ ಗುರುಬಸಮ್ಮ. ಹಂಪಸಾಗರದಲ್ಲಿ ಅವನ ಚಿಗವ್ವ ಚೌಡಕ್ಕ ಇದ್ದಳು. ತಾಯಿ ಸತ್ತಾಗ ಏಳು ವರ್ಷದ ಗವಿಸಿದ್ದೇಶನನ್ನು ಸೆರಗಿನಲ್ಲಿ ಕಟ್ಟಿಕೊಂಡು ಸಾಕಿದವಳು. ಅಕ್ಷರ ಬಾರದು, ಕೊಟ್ಟೂರಿನಲ್ಲಿ ಪರಿಚಯದವರಿಲ್ಲ, ಅವನ ಮಾತೆಂದರೆ ವೇದ. ಅವಳಿಗೂ ಪೂರ್ತಿ ಹೇಳಲಿಲ್ಲ. ಮನೆಯ ಒಡತಿ ಹಾಸಿಗೆ ಹಿಡಿದಿದ್ದಾಳೆ, ಬರಲಾಗದು, ಅವಳ ಬದಲು ಒಂದು ತಾಸು ಕೂತು ಹೆಬ್ಬೆಟ್ಟು ಒತ್ತಿದರೆ ಅವಳಿಗೂ ಉಪಕಾರ ತನಗೂ ಉಪಕಾರ ಎಂದ. ಚೌಡಕ್ಕ ಒಂದೇ ಪ್ರಶ್ನೆ ಕೇಳಿದಳು: "ಇದ್ರಾಗ ನಿನಗ ಮನಿ ಆಗ್ತೈತೇನಪಾ?" ಆಗ್ತೈತಿ ಎಂದ. "ಹಂಗಾರ ಬರ್ತೀನಿ ತಗೋ" ಎಂದಳು.

ಯೋಜನೆಯ ಜೀವ ಇದ್ದದ್ದು ಆಮೇಲಿನ ಭಾಗದಲ್ಲಿ. ಕರಾರಿನ ದಿನ ಮುಂಗಡದ ದುಡ್ಡು ಕೈಗೆ ಬರುತ್ತದೆ, ನೋಂದಣಿಗೆ ಮೂರು ತಿಂಗಳ ವಾಯಿದೆ. ಮೂರು ತಿಂಗಳಾದ ಮೇಲೆ ಗೀತಾಂಜಲಿಯ ಜೊತೆ ಅವನೇ ಪೊಲೀಸ್ ಠಾಣೆಗೆ ಹೋಗುತ್ತಾನೆ. 'ಯಾವುದೋ ಹೆಂಗಸು ನಾನೇ ಗುರುಬಸಮ್ಮ ಅಂತ ಬಂದು ಕೀಲಿ ಕೇಳಿದಳು ಸಾಹೇಬ್ರ, ನಾನೂ ನಂಬಿದೆ, ನನ್ನ ಕಮಿಷನ್ನೂ ಮುಳುಗಿತು' ಎಂದು ಅಳುತ್ತಾನೆ. ಅಳುವುದನ್ನು ಬಚ್ಚಲಿನ ಕನ್ನಡಿಯ ಮುಂದೆ ಎರಡು ಸಲ ಮಾಡಿ ನೋಡಿದ್ದ, ಬರುತ್ತಿತ್ತು. ಮೋಸ ಹೋದ ದಲ್ಲಾಳಿಗೆ ಬೈಯಬಹುದು, ಹಿಡಿದು ಹಾಕಲಾಗದು. ಇದಕ್ಕೆ ಬೇಕಾದದ್ದು ಒಂದೇ: ಆ ಹೆಂಗಸಿಗೂ ಅವನಿಗೂ ಕೂದಲೆಳೆಯಷ್ಟೂ ಸಂಬಂಧ ಕಾಣಬಾರದು. ಅದಕ್ಕಾಗಿ ಅವನು ಚಿಗವ್ವನಿಗೆ ಒಂದು ಸಲವೂ ಫೋನು ಮಾಡಲಿಲ್ಲ. ಮಾತಾಡಬೇಕಾದ ಮೂರು ಸಲವೂ ಬಸ್ಸಿನಲ್ಲಿ ಹಂಪಸಾಗರಕ್ಕೆ ಹೋಗಿ ಬಂದು, ಟಿಕೆಟ್ಟನ್ನು ಚೂರು ಮಾಡಿ ಕಿಟಕಿಯಿಂದ ಎಸೆದ.

ಗೀತಾಂಜಲಿಗೆ ಮನೆ ನೋಡಿದೊಡನೆ ಹಿಡಿಸಿತು. ಆದರೆ ಅವಳದೊಂದು ಕಾಟವಿತ್ತು. ಯಾವ ಕಾಗದ ಕೊಟ್ಟರೂ ಮೂರು ಸಲ ಓದುತ್ತಿದ್ದಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣಾ, ನಮ್ಮ ಕೆಲಸದ ಚಟ ಇದು. ಔಷಧಿ ಬಾಟ್ಲಿ ಕೈಗೆ ತಗೊಳ್ಳುವಾಗ ಒಮ್ಮೆ ಓದಬೇಕು, ಬಳಸುವಾಗ ಒಮ್ಮೆ, ಇಡುವಾಗ ಒಮ್ಮೆ. ಇಲ್ಲಾಂದ್ರ ಯಾರದೋ ಜೀವ ಹೋಗ್ತೈತಿ."

"ಓದ್ರಿ ತಂಗಿ, ನೂರು ಸಲ ಓದ್ರಿ" ಎಂದ ಗವಿಸಿದ್ದೇಶ. ಆ ದಿನದಿಂದ ಕಾಗದಗಳನ್ನು ಅವನು ನಾಲ್ಕು ಸಲ ಓದತೊಡಗಿದ. ಸರ್ವೆ ನಂಬರು, ನಾಲ್ಕು ದಿಕ್ಕಿನ ಚಕ್ಕುಬಂದಿ, ಮರುಳಪ್ಪನ ತಂದೆಯ ಹೆಸರು, ಎಲ್ಲ ಕ್ರಯಪತ್ರಕ್ಕೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಗುರುಬಸಮ್ಮನ ಹೆಸರಿನ ಆಧಾರ್ ಕಾರ್ಡಿನ ನಕಲಿನಲ್ಲಿ ಚೌಡಕ್ಕನ ಫೋಟೋ ಕೂತಿತ್ತು. ಓದುವವರಿಂದ ಹುಳುಕು ಮುಚ್ಚುವ ದಾರಿ ಒಂದೇ, ಹುಳುಕಿಲ್ಲದಂತೆ ಬರೆಯುವುದು.

ಕರಾರಿನ ದಿನ, ಬುಧವಾರ ಬೆಳಿಗ್ಗೆ, ಚೌಡಕ್ಕ ನೀಲಿ ಬಾಗಿಲಿನ ಮನೆಗೆ ಬಂದಳು. ಗವಿಸಿದ್ದೇಶ ಬಾಗಿಲು ಹಾಕಿ ಅವಳ ಚೀಲ ಕೆಳಗೆ ಸುರಿದ. ಮೊಬೈಲು ತೆಗೆದು ಬಂದ್ ಮಾಡಿದ. ಪಡಿತರ ಚೀಟಿ, ಮೊಮ್ಮಗನ ಫೋಟೋ, ಬಸ್ ಟಿಕೆಟ್ಟು, ಹಂಪಸಾಗರದ ಅಂಗಡಿಯ ಹೆಸರಿದ್ದ ಪ್ಲಾಸ್ಟಿಕ್ ಕವರು, ಎಲ್ಲವನ್ನೂ ತನ್ನ ಬೈಕಿನ ಡಬ್ಬಿಗೆ ಸೇರಿಸಿದ. ಚಾಪೆ, ಸಣ್ಣ ಗ್ಯಾಸು, ಹಾಲು, ಸಕ್ಕರೆ ಅವನೇ ತಂದಿದ್ದ. ಮನೆ ಮಾರಲೆಂದು ನಾಲ್ಕು ದಿನದ ಮಟ್ಟಿಗೆ ಬಂದ ಒಡತಿಯ ಅಡುಗೆಮನೆಯಲ್ಲಿ ಇದಕ್ಕಿಂತ ಹೆಚ್ಚು ಇರಬಾರದು. ದುಡ್ಡು ಕೈ ಬದಲಾಗುವ ಮುಂಚೆ ಕೊಳ್ಳುವವರಿಗೆ ಒಡತಿ ಹಾಲು ಕೊಟ್ಟರೆ ನಂಬಿಕೆ ಗಟ್ಟಿಯಾಗುತ್ತದೆ. ಹೆಣ್ಣುಮಕ್ಕಳ ಮನಸ್ಸು ಬಲ್ಲವನು ತಾನೆಂದು ಅವನಿಗೆ ಹೆಮ್ಮೆಯಾಯಿತು.

"ಗಂಡನ ಹೆಸರು?"

"ಮರುಳಪ್ಪ."

"ಮನಿ ಯಾವಾಗ ಕಟ್ಟಿಸಿದ್ರಿ?"

"ದೊಡ್ಡ ಮಗಳು ಹುಟ್ಟಿದ ವರ್ಷ."

"ನಾನು ನಿನಗ ಯಾರು?"

"ನನ್ನ..." ಚೌಡಕ್ಕ ತಡೆದಳು. "ದಲ್ಲಾಳಿ. ಹೆಸರು ಸೈತ ಸರಿಯಾಗಿ ಗೊತ್ತಿಲ್ಲ."

"ತಮ್ಮಾ, ಯಪ್ಪಾ ಅಂತ ಬಾಯಿ ತಪ್ಪಿ ಬರಬಾರ್ದು ಚಿಗವ್ವಾ."

"ಇಲ್ಲ ಬಿಡು. ಏ, ಹಾಲಿಗೆ ಚಲೋ ಲೋಟ ತಂದೀನಿ ನೋಡು, ಟವೆಲ್ಲಿನಾಗ ಸುತ್ತಿ ಕಂಕುಳಾಗ ಹಿಡ್ಕೊಂಡು. ಮಂದಿ ಮನಿ ಕೊಳ್ಳಾಕ ಬರುವಾಗ ಸೊಟ್ಟ ಲೋಟದಾಗ ಕೊಡಾಕ ಬರ್ತೈತೇನು?"

ಅಷ್ಟರಲ್ಲಿ ಹೊರಗೆ ಯಾವುದೋ ಗಾಡಿ ನಿಂತ ಸದ್ದಾಯಿತು. ಅವನು ಹೂಂ ಎನ್ನುತ್ತ ಕಿಟಕಿಗೆ ಓಡಿದ. ಗೋದಾಮಿನ ಲಾರಿ. ತಿರುಗಿ ಬಂದ, ಕೂತ, ಎದ್ದ. ಗೇಟಿನ ಚಿಲಕ ಹಾಕಿದ, ತೆಗೆದ. ಕೀಲಿಯಿಂದ ಕಿವಿ ಕೆರೆದುಕೊಂಡ. ಹನ್ನೊಂದಕ್ಕೆ ಬರುತ್ತೇವೆ ಎಂದವರು ಹನ್ನೊಂದೂವರೆಯಾದರೂ ಬರಲಿಲ್ಲ. ಅಷ್ಟು ಹೊತ್ತಿನಲ್ಲಿ ಅವನು ಖಾಲಿ ಮನೆಯ ಮೂರು ಕೋಣೆಗಳನ್ನು ಎಷ್ಟು ಸಲ ಸುತ್ತಿದನೋ. ಚೌಡಕ್ಕ ಮಾತ್ರ ಗೋಡೆಗೊರಗಿ, ತನ್ನದೇ ಮನೆಯೆಂಬಂತೆ ನೆಮ್ಮದಿಯಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಕೊನೆಗೆ ಬಂದರು. ಕ್ರಾಂತಿಕುಮಾರನ ಹೆಗಲಲ್ಲಿ ಕಪ್ಪು ಚೀಲ. ಗವಿಸಿದ್ದೇಶನ ಕಣ್ಣು ಅದಕ್ಕೇ ಅಂಟಿತು. ಗೀತಾಂಜಲಿ ಕುಳಿತುಕೊಳ್ಳಲೇ ಇಲ್ಲ. ಅಡುಗೆಮನೆಗೆ ಹೋಗಿ ಕಟ್ಟೆಯ ಉದ್ದವನ್ನು ಗೇಣಿನಿಂದ ಅಳೆದಳು.

"ರೀ, ಬರ್ರಿಲ್ಲಿ. ಮಗಳ ಓದೋ ಟೇಬಲ್ಲು ಈ ಕಿಟಕಿ ಹತ್ರ ಇಡೂಣು. ಇನ್ನ ಮ್ಯಾಲೆ ಗ್ವಾಡಿಗೆ ಮೊಳಿ ಹೊಡಿಯಾಕ ಯಾರನ್ನೂ ಕೇಳಾದು ಬ್ಯಾಡ" ಎನ್ನುತ್ತ ಗೋಡೆಯ ಮೇಲೆ ಕೈಯಾಡಿಸಿದಳು.

ಗವಿಸಿದ್ದೇಶನಿಗೆ ಒಳಗೆ ಚುಚ್ಚಿತು. ಅಮೃತಾಳೂ ಎಂಟು ಮನೆಗಳಲ್ಲಿ ಮೊಳೆ ಹೊಡೆಯಲು ಎಂಟು ಜನರನ್ನು ಕೇಳಿದವಳೇ. ಈಗಲೂ ಏನಾದರೊಂದು ನೆವ ಹೇಳಿ ಇವರನ್ನು ಎಬ್ಬಿಸಿ ಕಳಿಸಬಹುದಿತ್ತು. ಆ ಯೋಚನೆ ಬಂದಷ್ಟೇ ಬೇಗ ಆ ಡಬರಿಯೂ, 'ಯಾರ್ರೀ' ಎಂಬ ಪ್ರಶ್ನೆಯೂ ನೆನಪಾದವು. ಅವನು ಕರಾರು ಪತ್ರ ಚಾಪೆಯ ಮೇಲೆ ಹರಡಿದ.

ಗೀತಾಂಜಲಿ ಓದಿದಳು. ಮತ್ತೆ ಓದಿದಳು. ಮೂರನೆಯ ಸಲ ಬೆರಳಿಟ್ಟು ಓದಿದಳು. "ಎಲ್ಲಾ ಸರಿ ಐತ್ರಿ ಅಣ್ಣಾ" ಎಂದಳು. ಚೌಡಕ್ಕ ಕೇಳಿದ್ದಕ್ಕೆಲ್ಲ ಗುರುಬಸಮ್ಮನಿಗಿಂತ ಚೆನ್ನಾಗಿ ಗುರುಬಸಮ್ಮನಾಗಿ ಉತ್ತರಿಸಿದಳು, ಮರುಳಪ್ಪನ ಹೆಸರು ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನು ಅವನು ಹೇಳಿಕೊಟ್ಟಿರಲಿಲ್ಲ. ಹೆಬ್ಬೆಟ್ಟು ಬಿತ್ತು. ಕ್ರಾಂತಿಕುಮಾರ್ ಚೀಲವನ್ನು ಚಾಪೆಯ ಮೇಲಿಟ್ಟು ಜಿಪ್ಪಿಗೆ ಕೈ ಹಾಕಿದ.

"ತಡೀರಿ, ಬಾಯಿ ಸಿಹಿ ಮಾಡ್ಕೊಂಡು ಕೊಡ್ರಿ" ಎಂದು ಚೌಡಕ್ಕ ಒಳಗಿಂದ ಎರಡು ಲೋಟ ಹಾಲು ತಂದಿಟ್ಟಳು.

ಗವಿಸಿದ್ದೇಶ ಜಿಪ್ಪನ್ನೇ ನೋಡುತ್ತಿದ್ದ. ಇನ್ನೊಂದು ಗಳಿಗೆ. ಟ್ರಂಕುಗಳು, ಯುಗಾದಿ, ಅಮೃತಾಳ ಮುಖ, ಎಲ್ಲ ಆ ಜಿಪ್ಪಿನ ಹಿಂದೆ ಇದ್ದವು. ಗೀತಾಂಜಲಿ ಲೋಟ ಕೈಗೆ ತೆಗೆದುಕೊಂಡು ಒಮ್ಮೆ ಅದನ್ನು ನೋಡಿದಳು. ಕುಡಿಯುವಾಗ ಮತ್ತೊಮ್ಮೆ ನೋಡಿದಳು. ಕೆಳಗಿಡುವಾಗ ತಿರುಗಿಸಿ ನೋಡಿದಳು.

"ಅಮ್ಮಾ, ಇವ್ರು ನಿಮಗ ಏನಾಗಬೇಕು?" ಎಂದು ಗವಿಸಿದ್ದೇಶನ ಕಡೆ ಕೈ ತೋರಿಸಿದಳು.

"ಏನೂ ಆಗಂಗಿಲ್ಲವ್ವ. ದಲ್ಲಾಳಿ. ಹೆಸರು ಸೈತ ಸರಿಯಾಗಿ ಗೊತ್ತಿಲ್ಲ" ಎಂದಳು ಚೌಡಕ್ಕ, ಒಂದಕ್ಷರ ತಪ್ಪದೆ. ಭೇಷ್ ಎಂದುಕೊಂಡ ಗವಿಸಿದ್ದೇಶ.

ಗೀತಾಂಜಲಿ ಚೀಲವನ್ನು ಮೆಲ್ಲಗೆ ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಕರಾರು ಪತ್ರವನ್ನೂ ಮಡಚಿ ಅದರೊಳಗಿಟ್ಟಳು. "ರೀ, ನಿಮ್ಮ ಲೋಟದ ಮ್ಯಾಲೂ ಬರದೈತೇನು ನೋಡ್ರಿ" ಎಂದಳು. ಕ್ರಾಂತಿಕುಮಾರ್ ಎದ್ದು ಬಾಗಿಲಿಗೆ ಅಡ್ಡ ನಿಂತು, ಲೋಟವನ್ನು ಬೆಳಕಿಗೆ ಹಿಡಿದು ಜೋರಾಗಿ ಓದಿದ: "ಚಿಗವ್ವ ಚೌಡಕ್ಕಗೆ, ಮಗ ಗವಿಸಿದ್ದೇಶನ ಕಾಣಿಕೆ, ಕೊಟ್ಟೂರು." ಇಪ್ಪತ್ತೆರಡು ವರ್ಷದ ಹಿಂದೆ, ಮೊದಲ ಕಮಿಷನ್ ಕೈಗೆ ಬಂದ ದಿನ, ಪಾತ್ರೆ ಅಂಗಡಿಯಲ್ಲಿ ನಿಂತು ಅವನೇ ಬರೆಸಿದ್ದ, ಹೆಸರು ಹಾಕುವುದು ಪುಕ್ಕಟೆಯಾದ್ದರಿಂದ ಊರನ್ನೂ ಸೇರಿಸಿದ್ದ. ಗವಿಸಿದ್ದೇಶನಿಗೆ ಬಚ್ಚಲಿನಲ್ಲಿ ಕಲಿತ ಅಳುವೂ ಬರಲಿಲ್ಲ. ಅಕ್ಷರ ಬಾರದ ಚೌಡಕ್ಕ ಮಾತ್ರ, ಇಷ್ಟು ವರ್ಷ ಜೋಪಾನವಾಗಿಟ್ಟ ಲೋಟವನ್ನು ಎಲ್ಲರೂ ಮೆಚ್ಚಿ ನೋಡುತ್ತಿದ್ದಾರೆಂದು ತಿಳಿದು, ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಗುತ್ತಿದ್ದಳು.