ಮಸೂದನ ಧ್ವನಿ

ಗುರುವಾರ ಬೆಳಗಿನ ನಮಾಜು ಮುಗಿಸಿ ಬಂದ ಜಹೀರುದ್ದೀನರು ಕಸ ಗುಡಿಸಲೆಂದು ಮಗನ ಕೋಣೆ ತೆರೆದರು. ಕಂಪ್ಯೂಟರ್ ಡಬ್ಬಿಯ ಒಂದು ಬದಿಯ ತಗಡು ಬಿಚ್ಚಿತ್ತು. ಒಳಗಿನ ಹಾರ್ಡ್ ಡಿಸ್ಕ್ ಇರಲಿಲ್ಲ.

ಮೂವತ್ತು ವರ್ಷ ಆಳಂದದ ಸುತ್ತ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಆದರೂ ಖಾಲಿ ಜಾಗವನ್ನು ಎರಡು ಸಲ ಮುಟ್ಟಿ ನೋಡಿದರು.

ಮಗ ಮಸೂದ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಗೆಳೆಯರೊಡನೆ ಗೇಮ್ ಆಡುವಾಗ ಮಾತನ್ನೂ ರೆಕಾರ್ಡ್ ಮಾಡುತ್ತಿದ್ದ. ಆ ಧ್ವನಿ ಉಳಿದದ್ದು ಆ ಡಿಸ್ಕಿನಲ್ಲಿ ಮಾತ್ರ. ಪ್ರತಿ ಶುಕ್ರವಾರ ಜುಮ್ಮಾ ನಮಾಜಿನ ನಂತರ ತಾಯಿ ಜೈತುನಬಿ ಅದನ್ನು ಕೇಳುತ್ತಿದ್ದರು. ನಾಳೆಯೇ ಶುಕ್ರವಾರ.

ಹೆಂಡತಿಗೆ ಹೇಳದೆ ಕೋಣೆ ಪರೀಕ್ಷಿಸಿದರು. ಬೀಗ ಮುರಿದಿಲ್ಲ. ಕೀಲಿ ಇಡುವ ಜಾಗ ಈಗಲೂ ಇಲ್ಲಿ ಆಡಲು ಬರುವ ಅವನ ಗೆಳೆಯರಿಗಷ್ಟೇ ಗೊತ್ತು. ಬೆಲೆಬಾಳುವ ಗ್ರಾಫಿಕ್ಸ್ ಕಾರ್ಡ್ ಹಾಗೇ ಇದೆ. ಸ್ಕ್ರೂಗಳು ಚಹಾದ ಬಸಿಯಲ್ಲಿ ಜೋಪಾನವಾಗಿವೆ. ಮೇಜಿನ ಕೆಳಗೆ ಕರಿ ಜಿಡ್ಡು ಹತ್ತಿದ ಹತ್ತಿಯ ಉಂಡೆ. ಮೂಸಿ ನೋಡಿ ಕಿಸೆಗೆ ಹಾಕಿಕೊಂಡರು.

*

ತಮ್ಮನ ಮಗಳು ಮಿನಾಜಳನ್ನು ಮೊದಲು ಕೇಳಿದರು.

“ಯಾರ್ಯಾರು ಬರ್ತೀರಿ?”

“ನಾನು, ಅಮೃತ, ಜಗದೇವ. ಕಂಪ್ಯೂಟರ್ ಎಲ್ಲಾರ್ದೂ ಅದ ಬಡೇ ಅಬ್ಬಾ. ಪರದೆ ಅಫಜಲಪುರದ ಹಳೇ ಸಾಮಾನಿನ ಅಂಗಡೀದು. ಡಬ್ಬಿ ಜೇವರ್ಗ್ಯಾಗ ಮುಚ್ಚಿದ ಸೈಬರ್‌ದು. ರ‍್ಯಾಮ್ ನನ್ನ ಮೊದಲ ಪಗಾರದ್ದು. ಹೊಸಾದು ತಗೊಳ್ಳೋದು ಯಾರ ಕೈಲಿ ಆಗ್ತದ?”

“ಜಗದೇವ ಏನು ಕೊಟ್ಟಾನ?”

“ಏನೂ ಇಲ್ಲ. ಅವನ ಮಾವ ದುಬೈದಿಂದ ಟಿವಿಗೆ ಹಚ್ಚಿ ಆಡೋ ಕನ್ಸೋಲ್ ಕಳಿಸ್ಯಾನ. ‘ನಿಮ್ದು ಗುಜರಿ ಡಬ್ಬಿ’ ಅಂತಾನ. ಆದ್ರ ದಿನಾ ಇಲ್ಲೇ ಬಂದು ಕೂಡ್ತಾನ.”

“ಬಿಚ್ಚೋ ಕೆಲಸ?”

“ಅಮೃತಂದು. ಸ್ಕ್ರೂಡ್ರೈವರ್ ಅವನ ಹತ್ರನ ಇರ್ತದ.”

*

ಅಮೃತನ ಮೊಬೈಲ್ ರಿಪೇರಿ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿಗಿತ್ತು.

“ನಿನ್ನೆ ಇಡೀ ದಿನ ಅವ್ವನ ಜೋಡಿ ಘತ್ತರಗಿ ಗುಡಿಗೆ ಹೋಗಿದ್ನಿರಿ ಚಾಚಾ. ಅದಕ್ಕ ಆಟ ಇರಲಿಲ್ಲ. ಪ್ರಸಾದ ತಗೋರಿ.”

“ಸ್ಕ್ರೂಡ್ರೈವರ್ ಎಲ್ಲಿ?”

“ಮೊನ್ನೆ ಜಗ್ಯಾ ಇಸ್ಕೊಂಡ. ‘ಏನು ಬಿಚ್ಚತೀ ಲೇ, ನಿನ್ನ ಕನ್ಸೋಲ್ ಬಿಚ್ಚಿದ್ರ ಮುಗೀತು’ ಅಂದೆ. ಕಿಸೆದಾಗ ಹಾಕ್ಕೊಂಡು ಹೋದ.”

*

ತೊಗರಿ ಬೇಳೆ ಮಿಲ್ಲಿನ ಕೆಲಸಗಾರ ಜಗದೇವನ ಮನೆಯಲ್ಲಿ ಟಿವಿಯ ಕೆಳಗೆ ಧೂಳಿಲ್ಲದ ಒಂದು ಚೌಕ ಉಳಿದಿತ್ತು. ಜಹೀರುದ್ದೀನರು ಹತ್ತಿಯನ್ನು ಅವನ ಮುಂದಿಟ್ಟರು.

“ಕನ್ಸೋಲ್ ಎಲ್ಲಿ?”

“ಮಾರಿದ್ನಿರಿ.”

“ಮತ್ತ ಡಿಸ್ಕ್?”

ಉತ್ತರಕ್ಕೆ ಕಾಯದೆ ಜಹೀರುದ್ದೀನರೇ ಹೇಳಿದರು.

“ಕಳ್ಳ ಆಗಿದ್ರ ಗ್ರಾಫಿಕ್ಸ್ ಕಾರ್ಡ್ ಒಯ್ತಿದ್ದ. ಸ್ಕ್ರೂ ಬಸ್ಯಾಗ ಇಡಾಂವ ತಿರುಗಿ ಹಾಕಾಕ ಬರ್ತಾನ. ಈ ಜಿಡ್ಡು ಲೋಬಾನದ ಧೂಪದ್ದು. ನಿಮ್ಮ ಚಾಚಿ ಪ್ರತಿ ಗುರುವಾರ ಮಗನ ಹೆಸರಲೆ ಆ ಕೋಣ್ಯಾಗ ಹೊಗಿ ಹಾಕ್ತಾಳ. ಹೊಗಿ ಡಬ್ಬಿ ಒಳಗ ಹೋಗ್ಯದ. ನೀ ಒರಸೀದಿ. ಹೌದಲ್ಲೋ?”

“ಹೌದ್ರಿ ಚಾಚಾ. ಫ್ಯಾನ್ ಜಿಡ್ಡು ಹತ್ತಿ ನಿಂತಿತ್ತು. ಡಿಸ್ಕ್ ಕಾದು ಟಿಕ್‌ಟಿಕ್ ಅನ್ನಾಕತ್ತಿತ್ತು. ಇನ್ನೊಂದ್ ಸರ್ತಿ ಹಚ್ಚಿದ್ರ ಮಸೂದನ ಮಾತೇ ಹೋಗ್ತಿತ್ತು. ನಿಮ್ಮ ಲೋಬಾನದಿಂದನ ಹಿಂಗಾತು ಅಂತ ಚಾಚಿಗೆ ಹೆಂಗ ಹೇಳ್ಲಿ? ಜುಮ್ಮಾಕ್ಕ ಮೊದ್ಲ ಇಟ್ಟು ಬರಾಂವ ಇದ್ದೆ.”

ಒಳಗಿನಿಂದ ಚೀಲ ತಂದ. ಹಳೆಯ ಡಿಸ್ಕ್, ಅದರದ್ದೆಲ್ಲ ಇಳಿಸಿಕೊಂಡ ಹೊಸ ಡಿಸ್ಕ್, ಹೊಸ ಫ್ಯಾನ್. ಕಲಬುರಗಿಯಲ್ಲಿ ಮಾಡಿಸಿದ್ದ.

“ಒಂದು ಮಾತೂ ಹೋಗಿಲ್ರಿ.”

ಜಹೀರುದ್ದೀನರು ಹಳೆಯ ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದರು. “ಅಲ್ಹಮ್ದುಲಿಲ್ಲಾಹ್,” ಎಂದರು. ಹೊಸದನ್ನು ನೋಡಿ ಕೇಳಿದರು, “ಇದಕ್ಕಾಗಿ ಕನ್ಸೋಲ್ ಮಾರ್ದಿ?”

“ಒಬ್ಬನ ಕುಂತು ಆಡಿ ಬ್ಯಾಸರಾಗಿತ್ರಿ. ಆ ಗುಜರಿ ಡಬ್ಯಾಗ ನಂದೂ ಒಂದು ತುಂಡು ಇರ್ಲಿ ಅಂತ.”

*

ಜಹೀರುದ್ದೀನರು ಹೆಂಡತಿಗೆ ಏನನ್ನೂ ಮುಚ್ಚಿಡಲಿಲ್ಲ. ಆ ಸಂಜೆ ಜೈತುನಬಿ ಲೋಬಾನವನ್ನು ಅಂಗಳದಲ್ಲಿ ಹಾಕಿದರು.

ಶುಕ್ರವಾರ ಎಲ್ಲರೂ ಕೋಣೆಯಲ್ಲಿ ಕೂಡಿದರು. ಹೊಸ ಫ್ಯಾನ್ ಸದ್ದಿಲ್ಲದೆ ತಿರುಗಿತು. ಮಸೂದನ ಧ್ವನಿ ಬಂತು.

“ಲೇ ಜಗ್ಯಾ, ಕನ್ಸೋಲ್ ಸಾಹುಕಾರ, ಸುಮ್ಮ ನೋಡ್ಕೋತ ಕೂಡಬ್ಯಾಡ. ಬಾ, ಆಡು.” ಆಮೇಲೆ ಊಟಕ್ಕೆ ಕರೆದ ತಾಯಿಗೆ ಬಂದೆನೆಂದು ಅಡುಗೆಮನೆಯ ಕಡೆಗೆ ಕೂಗಿದ್ದು: “ಆಯಾ ಅಮ್ಮೀ, ಪಾಂಚ್ ಮಿನಟ್.”

ಜೈತುನಬಿ ಐದು ನಿಮಿಷ ಕಾದರು. ಆಮೇಲೆ ಎದ್ದು ಎಲ್ಲರಿಗೂ ತಾಟು ಹಾಕಿದರು. ಮೊದಲನೆಯದು ಜಗದೇವನಿಗೆ.