ಬೇಲಿಯಾಚೆ ಬಿದ್ದ ಎಲ್ಕ್

ಎಲ್ಕ್ ಬಿದ್ದದ್ದು ಬೇಲಿಯ ಆಚೆಗೆ.

ಟ್ವೈಲಾ ಸೊಲ್ಬರ್ಗ್ ಹಾರಿಸಿದ್ದು ಒಂದೇ ಗುಂಡು. ಅದು ತಾಗಬೇಕಾದ ಕಡೆಯೇ ತಾಗಿತ್ತು. ಆದರೂ ಕುದುರೆಯಷ್ಟು ದೊಡ್ಡ ಜಿಂಕೆಯಾದ ಆ ಗಂಡು ಎಲ್ಕ್ ಪ್ರಾಣ ಬಿಡುವ ಮುಂಚೆ ನಲವತ್ತು ಮಾರು ಓಡಿ, ಮುಳ್ಳುತಂತಿಯನ್ನು ಸಲೀಸಾಗಿ ಹಾರಿ, ಹೋಗಿ ಹೋಗಿ, ಪಕ್ಕದ ಹುಲ್ಲುಗಾವಲನ್ನು ಗುತ್ತಿಗೆ ಹಿಡಿದು ದನ ಸಾಕುವ ಆರಿನ್‌ನ ನೆಲದಲ್ಲಿ ಉರುಳಿತು. ಮೊಂಟಾನಾದಂಥ ಮೊಂಟಾನಾದಲ್ಲಿ ಅದಕ್ಕೆ ಸಾಯಲು ಬೇರೆ ಜಾಗವೇ ಸಿಗಲಿಲ್ಲ.

ಬೇಲಿ ಅವಳ ಎದೆಯೆತ್ತರವೂ ಇರಲಿಲ್ಲ. ಸುತ್ತ ಎಂಟು ಮೈಲಿ ನರಪಿಳ್ಳೆಯಿಲ್ಲ. ದಾಟಿದರೆ ಕೇಳುವವರಾರು? ಆದರೆ ಸೊಲ್ಬರ್ಗ್ ಮನೆಯವರು ಮೂರು ತಲೆಮಾರಿನಿಂದ ಅನುಮತಿ ಕೇಳದೆ ಯಾರ ಬೇಲಿಯನ್ನೂ ದಾಟಿದವರಲ್ಲ. ಕೇಳಬೇಕು ಎಂದರೆ ಆರಿನ್‌ನ ಬಾಗಿಲು ತಟ್ಟಬೇಕು. ಆ ಬಾಗಿಲು ತಟ್ಟುವುದಿಲ್ಲ ಎಂದು ಅವಳು ಎರಡು ತಿಂಗಳಿಂದ ಹಠ ಹಿಡಿದಿದ್ದಳು.

ಅಕ್ಟೋಬರ್ ಬಿಸಿಲು ಏರುತ್ತಿತ್ತು. ಬೇಗ ಕರುಳು ತೆಗೆದು ನೆರಳಿಗೆ ಹಾಕದಿದ್ದರೆ ಚಳಿಗಾಲಕ್ಕೆಲ್ಲ ಆಗುವ ಮಾಂಸ ಹಾಳಾಗುತ್ತಿತ್ತು. ಟ್ವೈಲಾ ಬಂದೂಕಿನ ಗುಂಡು ತೆಗೆದಿಟ್ಟು ಪಿಕಪ್ ಹತ್ತಿದಳು. ಆ ಹಸಿರು ಪಿಕಪ್ಪಿಗೆ ಅವಳಷ್ಟೇ ವಯಸ್ಸು, ಮೂವತ್ನಾಲ್ಕು. ಇಂಜಿನ್ನನ್ನು ಎರಡು ಸಲ ಬಿಚ್ಚಿ ಜೋಡಿಸಿದವಳು ಅವಳೇ. ಅದು ಒಂದೇ ಸಲಕ್ಕೆ ಸ್ಟಾರ್ಟ್ ಆದಾಗ ಅವಳಿಗೆ ಈಗಲೂ ಒಳಗೊಳಗೇ ಹೆಮ್ಮೆ.

ದಾರಿಯುದ್ದಕ್ಕೂ ಹಿಂದಿನ ದಿನ ಅಪ್ಪ ಹಾಲ್ವರ್ ತಂದ ಸುದ್ದಿ ಕೊರೆಯುತ್ತಿತ್ತು. "ಆರಿನ್‌ಗೆ ವಯೋಮಿಂಗ್ ಕಡೆ ದೊಡ್ಡ ದನದ ರ‍್ಯಾಂಚಿಂದ ಮ್ಯಾನೇಜರ್ ಕೆಲಸಕ್ಕೆ ಕರೆದಿದ್ದಾರಂತೆ. ನಾಳೆ ಉತ್ತರ ಹೇಳ್ಬೇಕಂತೆ. ಗುತ್ತಿಗೆ ಬಿಟ್ಟು ಹೊರಟ್ಹೋಗ್ತಾನೆ ನೋಡು." ಮೇವಿನ ಅಂಗಡಿಯಲ್ಲಿ ಕೇಳಿದ್ದನ್ನು ಅಪ್ಪ ಹಾಗೇ ಒಪ್ಪಿಸಿ, ಓರೆಗಣ್ಣಿನಲ್ಲಿ ಮಗಳ ಮುಖ ನೋಡಿದ್ದ. ಅವಳು ಆಲೂಗಡ್ಡೆ ಸಿಪ್ಪೆ ಸುಲಿಯುವುದನ್ನು ನಿಲ್ಲಿಸಿರಲಿಲ್ಲ.

ಜೂನ್‌ನಲ್ಲಿ ಕಾದ ಕಬ್ಬಿಣದಿಂದ ಕರುಗಳಿಗೆ ಮನೆತನದ ಗುರುತಿನ ಮುದ್ರೆ ಹಾಕಿದ ದಿನ, ಹೊಗೆಯ ನಡುವೆ, ಮುಖವೆಲ್ಲ ಮಸಿ ಮಾಡಿಕೊಂಡು ಆರಿನ್ ಕೇಳಿದ್ದ, "ಟ್ವೈಲಾ, ಈ ಮಧ್ಯದ ಬೇಲಿ ಕಿತ್ತುಬಿಡೋಣ್ವಾ? ದನಕ್ಕೋಸ್ಕರ ಅಲ್ಲ, ನಮಗೋಸ್ಕರ." ಹುಲ್ಲು ಕೊಯ್ಲು ಮುಗಿಯಲಿ, ಹೇಳುತ್ತೇನೆ ಎಂದಿದ್ದಳು ಅವಳು. ಆಗಸ್ಟ್‌ನಲ್ಲಿ ಕೊಯ್ಲು ಮುಗಿಯಿತು. ಆ ವಾರದಿಂದಲೇ ಅವನು ಅವಳ ಮನೆಗೆ ಭಾನುವಾರದ ಕಾಫಿಗೆ ಬರುವುದನ್ನೇ ಬಿಟ್ಟ. ಮನಸ್ಸು ಬದಲಾಯಿಸಿದವನ ಹಿಂದೆ ಹೋಗುವಷ್ಟು ಅಗ್ಗವಾಗಿರಲಿಲ್ಲ ಅವಳು.

ಅಂಗಳದಲ್ಲಿ ಅವನ ಹಳೆಯ ಕೆಂಪು ಪಿಕಪ್ ಇರಲಿಲ್ಲ. ಹೊಸದೊಂದು ಬಿಳಿ ಗಾಡಿ ನಿಂತಿತ್ತು. ನೆಂಟರೋ, ಹೊರಗಿನಿಂದ ಬೇಟೆಗೆ ಬಂದವರೋ ಇರಬೇಕು ಎಂದುಕೊಂಡು ಬಾಗಿಲು ತಟ್ಟಿದಳು.

ಆರಿನ್ ಕೈಯಲ್ಲಿ ಮೊಟ್ಟೆ ಮಗುಚುವ ಸೌಟು ಹಿಡಿದೇ ಬಂದ. ಗಡ್ಡ ಬೋಳಿಸಿರಲಿಲ್ಲ. ಅವಳನ್ನು ಕಂಡದ್ದೇ ಬೆನ್ನು ನೆಟ್ಟಗಾಯಿತು. ಕಣ್ಣು ಮಾತ್ರ ಅವಳ ಟೋಪಿಯಿಂದ ಬೂಟಿನವರೆಗೆ ಒಮ್ಮೆ ಹೋಗಿ, ಸಿಕ್ಕಿಬಿದ್ದ ಕಳ್ಳನ ಹಾಗೆ ಬಾಗಿಲ ಚೌಕಟ್ಟಿಗೆ ಓಡಿತು.

"ನನ್ನ ಎಲ್ಕ್ ನಿನ್ನ ಕಡೆ ಬಿದ್ದಿದೆ. ಬೇಲಿ ದಾಟಬಹುದಾ ಅಂತ ಕೇಳಕ್ಕೆ ಬಂದೆ."

"ಎಷ್ಟು ಗುಂಡು?"

"ಒಂದು."

"ಒಂದಕ್ಕೆ ಬೀಳೋದು ಬಿಟ್ಟು ಇಲ್ಲಿವರೆಗೂ ಬಂತಾ?"

"ಬೀಳೋದಕ್ಕೆ ಒಂದೇ ಸಾಕಾಯ್ತು. ಓಡಿದ್ದು ಅದರ ಇಷ್ಟ."

ಅವನ ತುಟಿಯ ಒಂದು ತುದಿ ನಗಲೋ ಬೇಡವೋ ಎಂದು ಯೋಚಿಸಿತು. "ಒಬ್ಬಳೇ ಎತ್ತಕ್ಕಾಗಲ್ಲ. ಇರು, ಚಾಕು ತರ್ತೀನಿ."

"ನಾನು ಸಹಾಯ ಕೇಳಲಿಲ್ಲ."

"ನೀನ್ಯಾವತ್ತು ಕೇಳಿದ್ದೀಯ ಮಾರಾಯ್ತಿ," ಎಂದು ಅವನು ಒಲೆ ಆರಿಸಲು ಒಳಗೆ ಹೋದ.

ಬೇಲಿಯ ಬಳಿಗೆ ಹೋಗಿ ಇಬ್ಬರೂ ಕೆಲಸಕ್ಕಿಳಿದರು. ಏಳು ವರ್ಷ ಒಟ್ಟಿಗೆ ಕರು ಹಿಡಿದ, ಬೇಲಿ ಬಿಗಿದ ಕೈಗಳು. ಇವಳು ಕಾಲು ಎತ್ತಿದರೆ ಅವನ ಚಾಕು ತಾನಾಗಿ ಸರಿಯಾದ ಕೀಲಿಗೆ ಹೋಗುತ್ತಿತ್ತು. ಒಮ್ಮೆ ಅವಳ ಜಡೆ ಮುಂದಕ್ಕೆ ಜಾರಿದಾಗ, ರಕ್ತ ಮೆತ್ತಿದ ಕೈ ತಾಗದಂತೆ ಅವನು ಮೊಣಕೈಯಿಂದ ಅದನ್ನು ಹಿಂದಕ್ಕೆ ಸರಿಸಿದ. ಅವಳ ಕಿವಿ ಬೆಚ್ಚಗಾಯಿತು. ತಲೆ ಎತ್ತಲಿಲ್ಲ.

"ಅಂಗಳದಲ್ಲಿರೋ ಬಿಳಿ ಗಾಡಿ ಯಾರದು?" ಎಂದಳು, ಸುಮ್ಮನೆ ಏನಾದರೂ ಕೇಳಬೇಕೆಂದು.

"ನಂದೇ. ಕೆಂಪು ಗಾಡಿ ಗೇರ್‌ಬಾಕ್ಸ್ ಹೋಯ್ತು. ಆಗಸ್ಟ್‌ನಲ್ಲಿ ತಗೊಂಡೆ."

ಟ್ವೈಲಾಳ ಚಾಕು ನಿಂತಿತು.

ಆ ಸೀಮೆಯಲ್ಲಿ ಎದುರಾದ ಗುರುತಿನ ಗಾಡಿಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತದೆ ಹೋಗುವವರಿಲ್ಲ. ಅಲ್ಲಿ ಯಾರೂ ಮುಖ ನೋಡಿ ಬೆರಳೆತ್ತುವುದಿಲ್ಲ, ಗಾಡಿ ನೋಡಿ ಎತ್ತುತ್ತಾರೆ. ಗುರುತಿದ್ದೂ ಬೆರಳೆತ್ತದಿದ್ದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಆಗಸ್ಟ್‌ನಲ್ಲಿ ಸೇತುವೆಯ ಬಳಿ ಬಿಳಿ ಗಾಡಿಯೊಂದು ಎದುರಾದದ್ದು ಅವಳಿಗೆ ನೆನಪಾಯಿತು. ಯಾರೋ ಪಟ್ಟಣದವನಿರಬೇಕು ಎಂದು ಅತ್ತ ಕಣ್ಣೂ ಹಾಯಿಸದೆ ಹೋಗಿದ್ದಳು.

"ಸೇತುವೆ ಹತ್ರ," ಎಂದಳು.

"ಹೂಂ. ನಾನು ಕೈಯನ್ನೇ ಎತ್ತಿದ್ದೆ. ನೀನು ನೆಟ್ಟಗೆ ಮುಂದೆ ನೋಡ್ಕೊಂಡು ಹೋದೆ. ಹುಲ್ಲು ಕೊಯ್ಲು ಮುಗಿದ ಮಾರನೇ ದಿನ." ಅವನ ದನಿ ಸಣ್ಣದಾಗಿತ್ತು. "ಉತ್ತರ ಸಿಕ್ತು ಅಂದ್ಕೊಂಡೆ."

"ಗಾಡಿ ಬದಲಾಯಿಸಿದವನು ಒಂದು ಮಾತು ಹೇಳ್ಬಾರದಾ? ನಂಗೇನು ಕನಸು ಬೀಳತ್ತಾ?"

"ಗಾಜಿನೊಳಗೆ ನಾನಿದ್ದೆ ಕಣೇ."

"ಗಾಜಿನೊಳಗೆ ಯಾರು ನೋಡ್ತಾರೆ ಇಲ್ಲಿ?"

ಅವನೂ ಗಾಜಿನೊಳಗೆ ಯಾರನ್ನೂ ನೋಡಿದವನಲ್ಲ. ಇಬ್ಬರೂ ಎಲ್ಕಿನ ಎರಡು ಪಕ್ಕದಲ್ಲಿ ಮೊಣಕಾಲೂರಿ, ಮೊಣಕೈವರೆಗೆ ರಕ್ತವಾಗಿ, ನಕ್ಕರು. ಮೊದಲು ಅವಳ ನಗು ನಿಂತಿತು.

"ನಿಧಾನ ಮಾಡಿದ್ದು ಯಾಕೆ ಗೊತ್ತಾ? ನನ್ನ ಕರುಗಳ ಮೇಲೆ ನಮ್ಮಜ್ಜಿ ಮುದ್ರೆ ಇದೆ. ಮದುವೆ ಆದವರೆಲ್ಲ ಗಂಡನ ಮುದ್ರೆ ಒತ್ತುತ್ತಾರೆ. ನನ್ನ ಕೈಲಿ ಆಗಲ್ಲ ಆರಿನ್."

"ನಾನು ನಿನ್ನ ಕರು ಕೇಳಿದ್ನಾ?"

"ನನ್ನ ಹೆಸರೂ ಹಾಗೇ ಇರತ್ತೆ."

"ಇರಲಿ. ಆ ಹೆಸರು ಕೇಳಿದ್ರೆ ಈ ಕೌಂಟಿಲಿ ಜನ ಎದ್ದು ನಿಲ್ತಾರೆ. ನಾನ್ಯಾಕೆ ಅಳಿಸ್ಲಿ?"

"ಅಪ್ಪ ನನ್ನ ಜೊತೆನೇ ಇರ್ತಾರೆ."

"ಅವರ ಕಾಫಿ ಕುಡಿಯೋದೊಂದೇ ಕಷ್ಟ." ಅವನು ಚಾಕುವನ್ನು ಹುಲ್ಲಿಗೆ ಒರೆಸಿದ. ನಗು ಮರೆಯಾಯಿತು. "ವಯೋಮಿಂಗ್‌ನವನು ಇವತ್ತು ಉತ್ತರ ಕೇಳಿದ್ದಾನೆ. ಜೂನ್‌ನಲ್ಲಿ ಒಂದ್ಸಲ ಕೇಳಿದೆ ನಾನು. ನಂಗೂ ಸ್ವಲ್ಪ ಮಾನ ಇದೆ, ಎರಡನೇ ಸಲ ಕೇಳಲ್ಲ."

ಚೆಂಡು ಅವಳ ಅಂಗಳಕ್ಕೆ ಬಂತು. ತಾಯಿ ತೀರಿಕೊಂಡಾಗಲೂ, ಅಪ್ಪನ ಮಂಡಿ ಹೋದಾಗಲೂ, ಹಿಮದಲ್ಲಿ ಅರವತ್ತು ಹಸು ಈಯುವಾಗಲೂ ಅವಳು ಯಾರ ಮುಂದೆಯೂ ಬಾಯಿ ಬಿಟ್ಟು ಬೇಡಿದವಳಲ್ಲ. ಬೇಡದೆ ಬದುಕಿದ್ದೇ ಅವಳ ಹಿರಿಮೆ. ಈಗ ಆ ಹಿರಿಮೆಯನ್ನು ಉಳಿಸಿಕೊಂಡರೆ ಇವನು ಹೋಗುತ್ತಾನೆ. ಇವನಿಲ್ಲದ ಬೇಲಿಯ ಆಚೆಯನ್ನು ಅವಳು ಒಮ್ಮೆ ಊಹಿಸಿ ನೋಡಿದಳು.

ಟ್ವೈಲಾ ಎದ್ದು ನಿಂತಳು. ಮೊಣಕಾಲೂರಿ ಕೇಳುವುದು ಅವಳಿಂದಾಗದು.

"ಹೋಗ್ಬೇಡ," ಎಂದಳು. "ನಿನ್ನ ನೋಡದೆ ಎರಡು ತಿಂಗಳು ಹೇಗೆ ಕಳೆದೆ ಅಂತ ನಂಗೇ ಗೊತ್ತು. ನನ್ನ ಮದುವೆಯಾಗು, ಆರಿನ್."

ಅವನು ಕೂತಲ್ಲಿಂದಲೇ ಅವಳನ್ನು ನೋಡಿದ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು, ಒದ್ದೆಯೂ ಆಗಿತ್ತು.

"ಆಗ್ತೀನಿ," ಎಂದ.

ಹನ್ನೊಂದರ ಹೊತ್ತಿಗೆ ಮಾಂಸವೆಲ್ಲ ಅವಳ ಕೊಟ್ಟಿಗೆಯ ತೊಲೆಯಲ್ಲಿ ತೂಗುತ್ತಿತ್ತು. ಅಡಿಗೆಮನೆಯಲ್ಲಿ ಟ್ವೈಲಾ ಎಲ್ಕಿನ ಹೃದಯವನ್ನು ತೆಳ್ಳಗೆ ಹೆಚ್ಚಿ, ಈರುಳ್ಳಿಯ ಜೊತೆ ಬೆಣ್ಣೆಗೆ ಹಾಕಿದಳು. ಹಾಲ್ವರ್ ಮಂಡಿ ಚಾಚಿಕೊಂಡು, ಏನನ್ನೂ ಕೇಳದೆ, ಎಲ್ಲವನ್ನೂ ಕೇಳಿಸಿಕೊಳ್ಳುವವನ ಹಾಗೆ ಕೂತಿದ್ದ. ಆ ಕಣಿವೆಯಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಆರಿನ್ ಗೋಡೆಯ ಫೋನ್ ತಿರುಗಿಸಿದ.

"ಇಲ್ಲ ಸರ್, ಬರಕ್ಕಾಗಲ್ಲ. ಕೆಲಸದಲ್ಲಿ ತೊಂದ್ರೆ ಏನಿಲ್ಲ." ಆಚೆಯವನು ಏನೋ ಕೇಳಿದ. ಆರಿನ್ ಎದೆಯುಬ್ಬಿಸಿ, ಅಡಿಗೆಮನೆಗೆಲ್ಲ ಕೇಳುವಂತೆ ಹೇಳಿದ, "ಯಾಕೆ ಅಂದ್ರೆ, ಟ್ವೈಲಾ ಸೊಲ್ಬರ್ಗ್ ನನ್ನ ಮದುವೆಯಾಗು ಅಂತ ಕೇಳಿದ್ಲು ಸರ್. ಅವಳೇ ಕೇಳಿದ್ಲು."

ಹಾಲ್ವರ್‌ನ ಕಾಫಿ ಲೋಟ ಬಾಯಿಯ ಹತ್ತಿರ ನಿಂತುಬಿಟ್ಟಿತು. "ನೀನು ಕೇಳಿದೆಯಾ, ಮಗಳೇ?"

"ಕೇಳಿದೆ ಅಪ್ಪ," ಎಂದಳು ಟ್ವೈಲಾ, ತಲೆ ಎತ್ತಿಕೊಂಡೇ.